ಎಂಟು ಜನವೋ, ಒಬ್ಬಳೋ

ಬೊಂಬಾಯಿ, ಬೈಕಲಾ
ಭಾನುವಾರ, 2-3-1947

ಭಾವ,

ನಾನು ಬೈಲಪ್ಪ. ಬದುಕಿದೀನಿ. ಅಕ್ಷರ ನಂದಲ್ಲ. ನಮ್ಮ ತ್ಯಾಮಗೊಂಡ್ಲು ಕಡೆ ಗಂಗಣ್ಣ ಅಂತ, ಇಲ್ಲಿ ಬಟ್ಟೆ ಮಿಲ್ಲಲ್ಲಿ ಗುಮಾಸ್ತ. ನಾನು ಹೇಳ್ತೀನಿ, ಅವನು ಬರೀತಾನೆ. "ಸ್ವಲ್ಪ ತಿದ್ದಿ ಬರಿಯೋ" ಅಂದೆ. "ತಿದ್ದೋಕೆ ನಾನೇನು ನಿನ್ನ ಮೇಷ್ಟ್ರಾ? ಬಾಯಲ್ಲಿ ಬಂದಿದ್ದು ಬರೀತೀನಿ, ಬೈಗುಳ ಬಂದ್ರೆ ಅದೂನೂ" ಅಂದ.

ಊರು ಬಿಟ್ಟು ಹನ್ನೊಂದು ತಿಂಗಳು. ಒಂದು ಕಾಗದ ಹಾಕ್ಲಿಲ್ಲ. ಏನಂತ ಹಾಕ್ಲಿ? ಯುಗಾದಿಗೆ ಅಂತ ಅಕ್ಕನ್ನ ನಿಮ್ಮ ಕಾರಲ್ಲಿ ತವರಿಗೆ ಕರ್ಕೊಂಡು ಹೊರಟಿದ್ದೆ. ದೊಡ್ಡಬೆಳವಂಗಲ ಇನ್ನೇನು ಎರಡು ಮೈಲಿ. ಕೆರೆ ಏರಿ ಮೇಲೆ ಹಿಂದಿನ ಸ್ಪ್ರಿಂಗು ಪಟ್ ಅಂತು, ಕಾರು ಏರಿ ಕೆಳಗೆ ಉರುಳ್ತು. ಸ್ಟೇರಿಂಗು ನನ್ನ ಕೈಲಿತ್ತು. ಸ್ಪ್ರಿಂಗು ಜೋಡ್ಸಿದ್ದೂ ನಾನೇ. ನನಗೆ ಒಂದು ಗೀರು ಬೀಳ್ಲಿಲ್ಲ, ಅಕ್ಕನ ಸೊಂಟ ಮುರೀತು. ನೀವು ನನಗೆ ಒಂದು ಮಾತೂ ಅನ್ಲಿಲ್ಲ. ಮೂರು ದಿನ ನೋಡ್ದೆ, ನಾಲ್ಕನೇ ದಿನ ರೈಲು ಹತ್ತಿಬಿಟ್ಟೆ. ಅಕ್ಕ ಎದ್ದು ನಡೆದ ದಿನ ವಾಪಸ್ ಬರ್ತೀನಿ, ಅಲ್ಲೀವರೆಗೂ ಇಲ್ಲ. ಯಾರೂ ಹೇಳಿದ್ದಲ್ಲ, ನನಗೆ ನಾನೇ ಹಾಕ್ಕೊಂಡಿದ್ದು.

ಈಗ ಯಾಕೆ ಬರೆಸ್ತಿದೀನಿ ಅಂದ್ರೆ, ಗಂಗಣ್ಣನ ಚಿಕ್ಕಪ್ಪ ಬಂದಿದ್ರು. ಬೆಂಗಳೂರು ಡಾಕ್ಟರು ಅಕ್ಕನ್ನ ಕರ್ಕೊಂಡು ಬನ್ನಿ, ಪ್ಲಾಸ್ಟರ್ ಹಾಕಿ ನೋಡೋಣ ಅಂದಿದಾರಂತೆ. ಕಾರಿನ ಕುಲುಕಾಟಕ್ಕೆ ಅಕ್ಕ ಕಿರುಚ್ತಾಳೆ, ಅದಕ್ಕೇ ಹೋಗೋಕಾಗಿಲ್ಲ ಅಂದ್ರು. ಹೌದಾ?

ಹೌದಾದ್ರೆ ಕೇಳಿ. ನಾನಿರೋದು ಮೋಟಾರ್ ಕಾರ್ಖಾನೇಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯೋರು ಬಿಟ್ಟುಹೋದ ಗಾಡಿ ಸಾಮಾನು ಇಲ್ಲಿ ಬೆಟ್ಟ ಬೆಟ್ಟ ಬಿದ್ದಿದೆ. ಸ್ಪ್ರಿಂಗು, ಷಾಕು, ಕೇಳಿದ್ದು ಸಿಗುತ್ತೆ. ನಮ್ಮ ಮುದುಕಿ ಷೆವ್ರೊಲೆಗೆ ಹೊಂದೋದು ನಾನು ಆರಿಸಿ ಕಳಿಸ್ತೀನಿ. ಆದ್ರೆ ಕಣ್ಣು ಮುಚ್ಕೊಂಡು ಆರಿಸೋಕಾಗಲ್ಲ. ಕಾರಲ್ಲಿ ಯಾರು ಕೂರ್ತಾರೆ, ಎಷ್ಟು ತೂಕ, ಈಗ ರೋಡು ಹೆಂಗಿದೆ, ಎಲ್ಲಾ ಬರೀರಿ. ಆವತ್ತು ಮುರಿದ ಸ್ಪ್ರಿಂಗಿನ ಪಟ್ಟಿ ಇದೆಯಲ್ಲ, ಅದರ ಒಂದು ತುಂಡು ಪಾರ್ಸಲ್ ಹಾಕಿ. ಅದು ಯಾಕೆ ಮುರೀತು ಅಂತ ನೋಡದೆ ಇನ್ನೊಂದು ಕಳಿಸೋಕೆ ನನಗೆ ಧೈರ್ಯ ಇಲ್ಲ.

ಬೈಲಪ್ಪ

*

ದೊಡ್ಡಬಳ್ಳಾಪುರ
19-3-1947

ಬೈಲಪ್ಪನಿಗೆ ಆದಿನಾರಾಯಣಪ್ಪ ಬರೆಯುವುದು.

ಕಾಗದ ತಲುಪಿತು. ನಿನ್ನ ಅಕ್ಕನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದಳು. ಓದಿದೆ. ಆಮೇಲೆ ಗೋಡೆಯ ಕಡೆ ತಿರುಗಿಸಿ ಮಲಗಿಸುವಂತೆ ನನ್ನ ತಾಯಿಗೆ ಹೇಳಿದಳು.

ನೀನು ಕೇಳಿದ್ದು ನಿಜ. ಕಳೆದ ನವೆಂಬರಿನಲ್ಲಿ ಹಿಂದಿನ ಸೀಟು ತೆಗೆದು ಹಾಸಿಗೆ ಹಾಕಿ ಹೊರಟೆ. ರಾಜಾನುಕುಂಟೆ ತಲುಪುವಷ್ಟರಲ್ಲಿ ಅವಳ ಕೂಗಿಗೆ ಜನ ಸೇರಿದರು. ಹಿಂತಿರುಗಿಸಿದೆ. ರೈಲಿಗೂ ನೋಡಿದೆ; ಡಬ್ಬಿಯ ಬಾಗಿಲಿನಲ್ಲಿ ಮಂಚ ತಿರುಗಲಿಲ್ಲ. ಎತ್ತಿನ ಗಾಡಿಯ ಮಾತು ನಿನಗೆ ಹೇಳಬೇಕಾಗಿಲ್ಲ.

ಕಾರನ್ನು ಸರಿಮಾಡಿಸಿ ಬಾಡಿಗೆಗೆ ಓಡಿಸುತ್ತಿದ್ದೇನೆ. ದಿನಕ್ಕೊಂದು ಸಲ ಬೆಂಗಳೂರಿಗೆ ಹೋಗಿ ಬರುವುದು, ಎಂಟು ಜನ, ಮೇಲೆ ಸಾಮಾನು. ಮುರಿದ ಸ್ಪ್ರಿಂಗಿನ ಜಾಗಕ್ಕೆ ಬೆಂಗಳೂರಿನಲ್ಲಿ ಹಳೆಯದೊಂದು ಸಿಕ್ಕಿತು. ಗಟ್ಟಿ ಇದೆ, ಒರಟು. ಷಾಕ್ ಅಬ್ಸಾರ್ಬರುಗಳ ಎಣ್ಣೆ ಪೂರಾ ಸೋರಿಹೋಗಿತ್ತು. ಸರಿಯಾದ ಎಣ್ಣೆ ಸಿಗಲಿಲ್ಲವಾಗಿ ಗಾಣದ ಹರಳೆಣ್ಣೆ ತುಂಬಿಸಿದ್ದೇನೆ. ರಸ್ತೆ ಯಲಹಂಕದವರೆಗೆ ಕೆಟ್ಟಿದೆ, ಆಮೇಲೆ ಪರವಾಗಿಲ್ಲ.

ತೂಕ ಕೇಳಿದ್ದೀಯೆ. ಲಕ್ಕಮ್ಮ ನಾಲ್ಕೂವರೆ ಮಣ ಇರಬಹುದು. ಎಂಟು ಜನಕ್ಕೂ ಅವಳಿಗೂ ಆಗುವಂಥ ಸ್ಪ್ರಿಂಗು ನೋಡು. ಕಾರು ನಿಂತರೆ ಮನೆ ನಡೆಯುವುದಿಲ್ಲ.

ಕಾಗದ ಮುಗಿಸುವಾಗ ಲಕ್ಕಮ್ಮ ಒಳಗಿನಿಂದ ಹೇಳಿದಳು: "ಬೈಲನಿಗೆ ಬರೀರಿ, ಕಾರು ಹಿಂದುಗಡೆ ತುಂಬಾ ಕುಟ್ಟುತ್ತೆ ಅಂತ. ಅವನಿಗೆ ಅದು ಗೊತ್ತಾಗ್ಬೇಕು." ಬರೆದಿದ್ದೇನೆ.

ಆದಿನಾರಾಯಣಪ್ಪ

*

ಬೊಂಬಾಯಿ
ಭಾನುವಾರ, 6-4-1947

ಭಾವ,

ಹರಳೆಣ್ಣೆ ಮಕ್ಕಳ ಹೊಟ್ಟೆಗೆ ಹಾಕೋದು, ಷಾಕಿಗಲ್ಲ. ಗಾಣದ್ದು ಹಂಗಂಗೇ ತುಂಬಿದ್ರೆ ಬೆಳಗ್ಗೆ ಚಳಿಗೆ ಅಂಟಾಗಿ ಷಾಕು ಒಳ್ಳೆ ಒನಕೆ ಆಗಿರುತ್ತೆ. ಮೊದ್ಲು ಅದನ್ನ ಚೆಲ್ಲಿ. ನಾನು ಇದನ್ನ ಹೇಳಿದಾಗ ಗಂಗಣ್ಣ ನಕ್ಕು ನಕ್ಕು ಮಸಿ ಚೆಲ್ಲಿಬಿಟ್ಟ. ಕಾಗದದ ಮೂಲೇಲಿ ಕಾಣ್ತಿರೋದು ಅದೇ.

ನಮ್ಮ ಮೇಸ್ತ್ರಿ ಪಾರ್ಸಿ ಮುದುಕ. ಅವನು ನನಗೆ ಮೊದಲನೇ ದಿನ ಹೇಳಿಕೊಟ್ಟಿದ್ದು ಇಷ್ಟೇ. ಸ್ಪ್ರಿಂಗು ಏಟು ತಗೊಳ್ಳುತ್ತೆ. ಏಟು ತಗೊಂಡ ಮೇಲೆ ತೂಗಾಡ್ತಾನೇ ಇರುತ್ತಲ್ಲ, ಅದನ್ನ ನಿಲ್ಸೋದು ಷಾಕು. ಒಂದಿದ್ದು ಇನ್ನೊಂದಿಲ್ಲ ಅಂದ್ರೆ ಎರಡೂ ದಂಡ. ನಮ್ಮ ಮುದುಕಿ ಕಾರಲ್ಲಿರೋ ಹಳೇ ಕೈ ಷಾಕು ಹೋಯ್ತು ಅನ್ಕೊಳ್ಳಿ. ಜೀಪಿನ ಕೊಳವೆ ಷಾಕು ನಾಲ್ಕು ಆರಿಸಿ ಇಟ್ಟಿದೀನಿ. ಒಂದೊಂದನ್ನೂ ಎಳೆದು, ಒತ್ತಿ ನೋಡಿದೀನಿ. ಹತ್ತು ಸಿಕ್ಕಿದ್ರೆ ಆರು ಪೊಳ್ಳು.

ಸ್ಪ್ರಿಂಗು ಮಾತ್ರ ನೀವು ಹೇಳಿದಂಗೆ ಆಗಲ್ಲ. ಎಂಟು ಜನ ಹೊರೋ ಸ್ಪ್ರಿಂಗಿನ ಮೇಲೆ ಅಕ್ಕ ಒಬ್ಳು ಮಲಗಿದ್ರೆ ಅದು ಬಗ್ಗೋದೇ ಇಲ್ಲ, ಕಲ್ಲುಬಂಡಿ ಮೇಲೆ ಮಲಗ್ಸಿದಂಗೆ. ಅಕ್ಕನಿಗೆ ಬಗ್ಗೋ ಸ್ಪ್ರಿಂಗಿನ ಮೇಲೆ ಎಂಟು ಜನ ಕೂತ್ರೆ ಅಚ್ಚು ಬಂದು ಚಾಸಿಗೆ ಹೊಡೆಯುತ್ತೆ, ಒಂದು ವಾರದಲ್ಲಿ ಮುರಿಯುತ್ತೆ. ಎರಡಕ್ಕೂ ಆಗೋ ಸ್ಪ್ರಿಂಗನ್ನ ಅಮೇರಿಕದೋರೂ ಮಾಡಿಲ್ಲ. ಎಂಟು ಜನವೋ, ಒಬ್ಬಳೋ, ನೀವೇ ಹೇಳ್ಬೇಕು.

ನಾಲ್ಕೂವರೆ ಮಣ ಅಂತ ಬರೆದಿದೀರ. ಅಕ್ಕ ಮದುವೇಲಿ ಅಷ್ಟಿದ್ಲು. ತೂಗಿ ಬರೀರಿ.

ಮುರಿದ ತುಂಡು ಬರ್ಲಿಲ್ಲ.

ಬೈಲಪ್ಪ

(ಸ್ವಾಮಿ, ಕೆಳಗಿನದು ಅವನು ಹೇಳಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಈ ವರ್ಷದಲ್ಲಿ ಹುಡುಗ ಮೂರು ಕಡೆ ಕೆಲಸ ಬಿಟ್ಟ, ನಾಲ್ಕು ಕಡೆ ಮನೆ ಬಿಟ್ಟ. ಕಾಗದ ಹೇಳುವಾಗಲೂ ಕೂರುವುದಿಲ್ಲ, ಗೋಡೆಯಿಂದ ಗೋಡೆಗೆ ನಡೆಯುತ್ತಾನೆ. ಭಾನುವಾರ ಬೋರಿಬಂದರಿಗೆ ಹೋಗಿ ನಮ್ಮ ಕಡೆಯ ರೈಲು ಹೊರಡುವುದನ್ನು ನೋಡಿಕೊಂಡು ಬರುತ್ತಾನೆ. ಏನೋ ಅಂದರೆ, "ಏನಿಲ್ಲ, ಸುಮ್ನೆ, ಡಬ್ಬಿ ಸ್ಪ್ರಿಂಗು ನೋಡ್ತಿದ್ದೆ" ಅನ್ನುತ್ತಾನೆ. ಗಂಗಣ್ಣ.)

*

ದೊಡ್ಡಬಳ್ಳಾಪುರ
2-5-1947

ಬೈಲಪ್ಪನಿಗೆ,

ಹರಳೆಣ್ಣೆ ತೆಗೆಸಿದೆ. ಕಾರು ಈಗ ದೋಣಿಯಂತೆ ತೂಗುತ್ತದೆ.

ತೂಗಿದ್ದಾಯಿತು. ರೇಷ್ಮೆಗೂಡಿನ ಮಂಡಿಯಿಂದ ತಕ್ಕಡಿ ತರಿಸಿ ಪಡಸಾಲೆಯ ತೊಲೆಗೆ ಕಟ್ಟಿದೆ. ಕಂಬಳಿಯಲ್ಲಿ ಅವಳನ್ನು ಎತ್ತಿಟ್ಟಾಗ ನನ್ನ ತಾಯಿ ಬೈದರು. "ಸೊಸೇನ ರಾಗಿ ಮೂಟೆ ಹಂಗೆ ತೂಗ್ತೀಯೇನೋ, ಮಂಕೆ!" ಲಕ್ಕಮ್ಮ ಕಂಬಳಿಯೊಳಗಿನಿಂದ, "ಗಟ್ಟಿ ತೂಗ್ಲಿ ಅತ್ತೆ. ಕೊಸರು ಹಾಕೋದು ಮರೀಬೇಡಿ ಅನ್ನಿ" ಎಂದಳು. ಮಂಡಿಯ ಆಳು ನಕ್ಕ. ಆಮೇಲೆ ಮುಳ್ಳು ನೋಡಿ ಇನ್ನೊಂದು ಸಲ ತೂಗಿದ. ಮೂರು ಮಣ. ಕಂಬಳಿ ಸೇರಿ.

ನೀನು ಹೇಳಿದ ಮೇಲೆ ನಾನೂ ಒಂದು ಪರೀಕ್ಷೆ ಮಾಡುತ್ತಿದ್ದೇನೆ. ಹಿಂದೆ ಹಾಸಿಗೆಯ ಜಾಗದಲ್ಲಿ ಮೂರು ಮಣ ರಾಗಿ ಹಾಕಿ, ಅದರ ಪಕ್ಕ ಅಗಲ ಬಾಯಿಯ ಹಿತ್ತಾಳೆ ಪಾತ್ರೆಯಲ್ಲಿ ಅಂಚಿನವರೆಗೆ ನೀರು ತುಂಬಿಡುತ್ತೇನೆ. ರಾಜಾನುಕುಂಟೆಗೆ ಹೋಗಿ ಬಂದು ಉಳಿದ ನೀರನ್ನು ಸೇರಿನಲ್ಲಿ ಅಳೆಯುತ್ತೇನೆ. ಎಂಟು ಸೇರು ಹೋದರೆ ಐದು ಬರುತ್ತದೆ. ಹತ್ತು ಮೈಲಿ ವೇಗದಲ್ಲಿ ಹೋದರೆ ಐದೂವರೆ. "ಕಾರಲ್ಲಿ ನೀರು ಕೂರಿಸ್ಕೊಂಡು ಊರು ಸುತ್ತೋ ಗಂಡಸನ್ನ ನಾನು ಕಂಡಿಲ್ಲ ಕಣಪ್ಪ" ಎಂದು ತಾಯಿ ಬೀದಿಯವರಿಗೆಲ್ಲ ಹೇಳಿದ್ದಾರೆ.

ಲಕ್ಕಮ್ಮ ಪ್ರತಿ ಸಂಜೆ ಎಷ್ಟು ನೀರು ಉಳಿಯಿತು ಎಂದು ಕೇಳುತ್ತಾಳೆ. ಹೇಳಿದರೆ, "ಇನ್ನೂ ಕುಟ್ಟುತ್ತೆ ಹಂಗಾದ್ರೆ. ಬೈಲನಿಗೆ ಬರೀರಿ" ಅನ್ನುತ್ತಾಳೆ. ಎಲ್ಲಿ ನೋವು ಎಂದು ನಾನು ಕೇಳಿಲ್ಲ. ಅವಳ ಮೈಯ ಕೆಲಸವೆಲ್ಲ ತಾಯಿಯೇ ಮಾಡುವುದು. ಆಗ ನಾನು ಹೊರಗೆ ಕಾರಿನ ಹತ್ತಿರ ಇರುತ್ತೇನೆ.

ಎಂಟೋ ಒಂದೋ ಎಂಬುದನ್ನು ಯೋಚಿಸುತ್ತಿದ್ದೇನೆ. ತುಂಡು ಎಲ್ಲಿಟ್ಟೆನೋ ಹುಡುಕಬೇಕು.

ಆದಿನಾರಾಯಣಪ್ಪ

*

ಬೊಂಬಾಯಿ
ಭಾನುವಾರ, 25-5-1947

ಭಾವ,

ಸಿಕ್ತು. ಮಿಲಿಟರಿ ಆಸ್ಪತ್ರೆ ಗಾಡಿದು, ಗಾಯ ಆದೋರನ್ನ ಮಲಗ್ಸಿಕೊಂಡು ಹೋಗೋದು. ಅದರ ಸ್ಪ್ರಿಂಗು ಉದ್ದ, ಪಟ್ಟಿ ತೆಳು. ನಮ್ಮದಕ್ಕಿಂತ ಮೂರು ಪಟ್ಟಿ ಜಾಸ್ತಿ, ಆದ್ರೂ ಕೈಯಲ್ಲಿ ಒತ್ತಿದ್ರೆ ಉಸಿರಾಡಿದಂಗೆ ಬಗ್ಗುತ್ತೆ. ನಾಲ್ಕೈದು ಪಟ್ಟಿ ತೆಗೆದು ಮೂರು ಮಣಕ್ಕೆ ಹದ ಮಾಡ್ತೀನಿ. ಹಿಂದಿನ ಕೊಂಡಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ತೂತಿಗೆ ಬುಷ್ಷು ನಾನೇ ಲೇತಲ್ಲಿ ತಿರುಗಿಸಿ ಕೊಡ್ತೀನಿ.

ಆದ್ರೆ ಇದನ್ನ ಹಾಕಿದ ಮೇಲೆ ಎಂಟು ಜನ ಕೂರ್ಸಿದ್ರೆ ಇನ್ನೊಂದು ಸಲ ಕಾರು ಕೆರೆಗೆ ಹೋಗುತ್ತೆ. ನಾನು ತಮಾಷೆ ಮಾಡ್ತಿಲ್ಲ. ಬೇಕು ಅಂದ್ರೆ ಹೂಂ ಅನ್ನಿ, ಬೇಡ ಅಂದ್ರೆ ಬೇಡ ಅನ್ನಿ. ಮೇಸ್ತ್ರಿ ಜೂನ್ ಕೊನೇವರೆಗೂ ಎತ್ತಿಟ್ಟಿರ್ತೀನಿ ಅಂದಿದಾನೆ.

ಮೂರು ಮಣ ಅಂತ ಗಂಗಣ್ಣ ಓದಿದ. ಇನ್ನೊಂದು ಸಲ ಓದು ಅಂದೆ. ಅಷ್ಟೇ ಇತ್ತು.

ಮೂರನೇ ಸಲ ಕೇಳ್ತಿದೀನಿ, ತುಂಡು ಕಳಿಸಿ. ನಾನು ಏನು ತಪ್ಪು ಮಾಡ್ದೆ ಅಂತ ನನಗೆ ನೋಡ್ಬೇಕು. ಸೆಂಟರ್ ಬೋಲ್ಟು ಜಾಸ್ತಿ ಬಿಗಿದೆನಾ, ಪಟ್ಟಿ ಮಧ್ಯೆ ಗ್ರೀಸು ಕಮ್ಮಿ ಆಯ್ತಾ? ನಿದ್ದೇಲೂ ಅದೇ ಬೋಲ್ಟು ತಿರುಗಿಸ್ತೀನಿ. ಕೈ ಮಾತ್ರ ತಿರುಗ್ತಿರುತ್ತೆ. ಹೆದರಿಕೆ ಗಿದರಿಕೆ ಏನಿಲ್ಲ.

ಬೈಲಪ್ಪ

*

ದೊಡ್ಡಬಳ್ಳಾಪುರ
20-6-1947

ಬೈಲಪ್ಪನಿಗೆ,

ಒಬ್ಬಳು.

ಮೊನ್ನೆ ಸೋಮವಾರದಿಂದ ಬೆಂಗಳೂರಿನ ಓಡಾಟ ನಿಲ್ಲಿಸಿದೆ. ಎಂಟು ಜನವನ್ನು ಮುನಾವರ್ ಪಾಷಾ ತನ್ನ ವ್ಯಾನಿನಲ್ಲಿ ಕೂರಿಸಿಕೊಳ್ಳುತ್ತಾನೆ. ಬೆಳಗ್ಗೆ ಆರಕ್ಕೆ ಅವನ ಹಾರನ್ ಕೇಳಿಸುತ್ತದೆ. ನಾನು ಎದ್ದು ಕೂತು, ಮತ್ತೆ ಮಲಗುತ್ತೇನೆ. ಹಗಲು ಅವನಿಗೇ ವ್ಯಾನು ಓಡಿಸಿಕೊಡುತ್ತೇನೆ. ಲಕ್ಕಮ್ಮನಿಗೆ ಹೇಳಿದಾಗ ಅವಳ ಮುಖ ಬಿಳಿಚಿತು. "ಕಾರು ನಿಲ್ಲಿಸಿ ಅಂತ ಯಾರಂದ್ರು? ಸ್ಪ್ರಿಂಗು ನಿಧಾನಕ್ಕೆ ಬರ್ಲಿ, ಏನ್ ಅರ್ಜೆಂಟು?" ಅಂದಳು. ಖರ್ಚಿನ ಯೋಚನೆಯೆಂದು ತಿಳಿದು ಸಮಾಧಾನ ಹೇಳಿದೆ.

ಸ್ಪ್ರಿಂಗು ಕಳುಹಿಸು.

ತುಂಡನ್ನು ಇಂದೇ ರೈಲ್ವೆ ಪಾರ್ಸಲಿನಲ್ಲಿ ಹಾಕಿದ್ದೇನೆ. ಕಳೆದಿರಲಿಲ್ಲ. ರಾಗಿ ತುಂಬುವ ಹಗೇವಿನ ಪಕ್ಕದ ಗೋಡೆಗೂಡಿನಲ್ಲಿ ಗೋಣಿ ಸುತ್ತಿ ನಾನೇ ಇಟ್ಟಿದ್ದೆ. ನೋಡು.

ಆದಿನಾರಾಯಣಪ್ಪ

*

ಬೊಂಬಾಯಿ
ಭಾನುವಾರ, 13-7-1947

ಭಾವ,

ತುಂಡು ಬಂತು. ಸೀಮೆಎಣ್ಣೇಲಿ ತೊಳೆದು ಬಿಸಿಲಿಗೆ ಹಿಡಿದೆ.

ಒಳ್ಳೆ ಸ್ಪ್ರಿಂಗು ಮುರಿದ್ರೆ ಮುರಿದ ಮುಖ ಬೂದಿ ಬಣ್ಣ, ನುಣ್ಣಗಿರುತ್ತೆ. ಇದು ಕಲ್ಲುಸಕ್ಕರೆ ಹಂಗೆ ಹರಳು ಹರಳು. ಬೆನ್ನ ಮೇಲೆ ಸುತ್ತಿಗೆ ಗುರುತು. ನಾನು ಜೋಡ್ಸಿದ ಪಟ್ಟಿಗಳಿಗೆ ಸುತ್ತಿಗೆ ಮುಟ್ಟಿಸಿರ್ಲಿಲ್ಲ, ಎಲ್ಲಾ ಕಂಪನಿಯವೇ. ಮೇಸ್ತ್ರಿ ಕೈಗೆ ಕೊಟ್ಟೆ. ಅವನು ಕನ್ನಡಕ ಕೂಡ ಹಾಕ್ಕೊಳ್ಲಿಲ್ಲ. "ನೀರಲ್ಲಿ ಅದ್ದಿದ್ದು" ಅಂದ, ವಾಪಸ್ ಕೊಟ್ಟ. ಕಾಯಿಸಿದ ಸ್ಪ್ರಿಂಗನ್ನ ಎಣ್ಣೇಲಿ ಅದ್ದಬೇಕು. ನೀರಲ್ಲಿ ಅದ್ದಿದ್ರೆ ಅದು ಗಾಜು.

ಹಂಗಾದ್ರೆ ಅದು ನನ್ನ ಪಟ್ಟಿ ಅಲ್ಲ.

ಹದಿನೈದು ತಿಂಗಳು ನಾನೇ ಮುರಿದೆ ಅಂದ್ಕೊಂಡು ಎದ್ದೆ, ನಾನೇ ಮುರಿದೆ ಅಂದ್ಕೊಂಡು ಮಲಗಿದೆ. ಈಗ ಹಗುರ ಆಗ್ಬೇಕಿತ್ತು. ಆಗ್ಲಿಲ್ಲ. ಗಂಗಣ್ಣ ಲೇಖನಿ ಹಿಡ್ಕೊಂಡು, "ಬೈಯೋ ಲೇ, ಬಾಯ್ತುಂಬಾ ಬೈಯಿ, ಬರ್ಕೋತೀನಿ" ಅಂತ ಕಾದ. ನನಗೆ ಏನೂ ಬರ್ಲಿಲ್ಲ. ಕೆಳಗಿಳಿದು ಚಾ ಕುಡಿದು ಬಂದ್ವಿ. ಚಾ ಬಿಸಿ ಇತ್ತು.

ಯಾವಾಗ ಹಾಕ್ಸಿದ್ರಿ? ಅಷ್ಟು ಹೇಳಿ ಸಾಕು.

ಸ್ಪ್ರಿಂಗು ಜೋಡಿ, ಷಾಕು ನಾಲ್ಕು, ಬುಷ್ಷು, ಬೋಲ್ಟು ಎಲ್ಲಾ ಮರದ ಪೆಟ್ಟಿಗೇಲಿ ಹಾಕಿ ಕಳಿಸ್ತಿದೀನಿ. ಎಡಕ್ಕೆ ಬಿಳಿ ಬಣ್ಣ ಬಳಿದಿದೀನಿ, ಬಲಕ್ಕೆ ಇಲ್ಲ. ಅದಲು ಬದಲು ಮಾಡ್ಬೇಡಿ. ಯು ಬೋಲ್ಟು ಕಾರು ನೆಲಕ್ಕಿಳಿಸಿದ ಮೇಲೆ ಬಿಗೀರಿ, ಜಾಕಿ ಮೇಲಿದ್ದಾಗ ಬಿಗಿಯೋದು ಬೇಡ. ಐವತ್ತು ಮೈಲಿ ಓಡ್ಸಿ ಇನ್ನೊಂದು ಸಲ ಬಿಗೀರಿ. ಆಮೇಲೆ ಅಕ್ಕ.

ಬೈಲಪ್ಪ

*

ದೊಡ್ಡಬಳ್ಳಾಪುರ
24-8-1947

ಬೈಲಪ್ಪನಿಗೆ,

ಪೆಟ್ಟಿಗೆ ಹದಿನಾಲ್ಕರಂದೇ ಸ್ಟೇಷನ್ನಿಗೆ ಬಂದಿತ್ತಂತೆ. ಮಾರನೆಯ ದಿನ ಸ್ವಾತಂತ್ರ್ಯದ ರಜೆ, ಪಾರ್ಸಲ್ ಆಫೀಸು ಮುಚ್ಚಿತ್ತು. ಎಲ್ಲರೂ ಮಿಠಾಯಿ ಹಂಚುತ್ತಿದ್ದರು. ನಾನು ಕಿಟಕಿಯಲ್ಲಿ ಬಗ್ಗಿ ಪೆಟ್ಟಿಗೆಯ ಮೇಲಿನ ನನ್ನ ಹೆಸರನ್ನು ನೋಡಿ ಬಂದೆ. ಹತ್ತೊಂಬತ್ತರಂದು ಕೈಗೆ ಸಿಕ್ಕಿತು.

ನೀನು ಕೇಳಿದ್ದಕ್ಕೆ ಉತ್ತರ. ಆ ಯುಗಾದಿಗೆ ಮೊದಲು ಹುಣಸೆ ಬಡಿಯಲು ನೀನು ಒಂದು ವಾರ ಊರಿಗೆ ಹೋಗಿದ್ದೆಯಲ್ಲ, ಆಗ. ರೇಷ್ಮೆಗೂಡಿನ ಮೂಟೆಗಳ ಬಾಡಿಗೆ ಬಂದಿತ್ತು. ಹಿಂದಿನ ಸ್ಪ್ರಿಂಗು ಕುಸಿಯುತ್ತಿದೆ, ಹೊಸ ಪಟ್ಟಿ ಬರುವವರೆಗೆ ಭಾರ ಹಾಕಬೇಡಿ ಎಂದು ನೀನು ಹೇಳಿ ಹೋಗಿದ್ದೆ. ನಾನು ಲಾಳ ಕಟ್ಟುವ ಬುಡನ್ ಸಾಬನ ಹತ್ತಿರ ಹಳೆಯ ಲಾರಿ ಪಟ್ಟಿಯೊಂದನ್ನು ತೆಗೆದುಕೊಂಡು ಹೋದೆ. ಅವನು ಹೇಳಿದ: "ಕಾಯ್ಸಿ ಬಗ್ಗಿಸ್ತೀನಿ ಸಾಮಿ, ಆದ್ರೆ ಹೊಂಗೆ ಎಣ್ಣೇಲಿ ಅದ್ದಬೇಕು. ಎರಡು ಡಬ್ಬ ಬೇಕು. ನೀರಿಗೆ ಹಾಕಿದ್ರೆ ಉಳಿಯಲ್ಲ. ಗುರುವಾರ ಸಂತೆ, ತರ್ಸಿಬಿಡಿ." ಅವತ್ತು ಮಂಗಳವಾರ. ಮೂಟೆ ಕಾಯುತ್ತಿದ್ದವು. ಪಕ್ಕದಲ್ಲೇ ಲಾಳ ಅದ್ದುವ ತೊಟ್ಟಿ ಇತ್ತು. ಕುಡುಗೋಲಿಗೆ, ಗುದ್ದಲಿಗೆ ಆಗುವ ನೀರು ಇದಕ್ಕೇಕಾಗದು ಅಂದೆ. "ಹಾಕು ಸಾಬರೇ, ಕಬ್ಬಿಣ ಕಬ್ಬಿಣವೇ." ಅವನು ಅದ್ದಿದ. ಅದ್ದುವ ಮೊದಲು, "ನಾನು ಬ್ಯಾಡ ಅಂದಿದ್ದೆ, ನೆನಪಿರ್ಲಿ" ಅಂದ.

ನೆನಪಿದೆ.

ಆ ಪಟ್ಟಿ ಕೂರಿಸಿ ಮೂಟೆ ಸಾಗಿಸಿಯಾಯಿತು. ನೀನು ಬಂದಾಗ ಹೇಳಲು ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಗೊತ್ತಾದರೆ ನೀನು ಅದನ್ನು ಬಿಚ್ಚಿಸುತ್ತೀಯೆಂದು ಸುಮ್ಮನಿದ್ದೆ. ಕಾರು ಬಿದ್ದ ಮೇಲೆ ನೀನು ಮೂರು ದಿನ ನನ್ನ ಬಾಯಿ ನೋಡುತ್ತಿದ್ದೆ. ನಾನು ನಿನಗೆ ಹೋಗೆನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ. ಇದು ಲಕ್ಕಮ್ಮನಿಗೆ ಇನ್ನೂ ಗೊತ್ತಿಲ್ಲ.

ಸ್ಪ್ರಿಂಗು ಕೂತವು. ಹೊಸ ಕೊಂಡಿಯನ್ನು ಬುಡನ್ ಸಾಬನೇ ಹಾಕಿದ. ಐವತ್ತು ಮೈಲಿ ಆಯಿತು, ಬಿಗಿದೆ. ಎಂಟು ಸೇರಿನಲ್ಲಿ ಏಳೂಮುಕ್ಕಾಲು ಸೇರು ನೀರು ವಾಪಸು ಬಂತು. ಇದನ್ನು ಹೇಳಿದಾಗ ಲಕ್ಕಮ್ಮ ಪಾತ್ರೆಯನ್ನು ಹತ್ತಿರ ತರಿಸಿ ನೋಡಿದಳು. "ಹಂಗಾದ್ರೆ ಇನ್ನು ಹೋಗ್ಬೇಕು" ಅಂದಳು.

ಸೆಪ್ಟೆಂಬರ್ ನಾಲ್ಕು, ಗುರುವಾರ ಹೊರಡುತ್ತೇವೆ.

ಆದಿನಾರಾಯಣಪ್ಪ

*

ದೊಡ್ಡಬಳ್ಳಾಪುರ
10-9-1947

ಬೈಲಪ್ಪನಿಗೆ,

ಹೋಗಿ ಬಂದೆವು.

ಬೆಳಗ್ಗೆ ಏಳಕ್ಕೆ ಹೊರಟೆವು. ತಾಯಿ ಹಿಂದೆ, ಅವಳ ತಲೆಯ ಹತ್ತಿರ ಕೂತರು. ರಾಜಾನುಕುಂಟೆ ದಾಟಿತು. ಅವಳು ಕೂಗಲಿಲ್ಲ. ಯಲಹಂಕದಲ್ಲಿ ಬಾವುಟ ಹಿಡಿದ ಮೆರವಣಿಗೆ ಎದುರಾಯಿತು. ಒಳಗೆ ಮಲಗಿದವಳನ್ನು ನೋಡಿ ದಾರಿ ಬಿಟ್ಟರು. ನಾನು ಎರಡು ಸಲ ನಿಲ್ಲಿಸಿ, "ನೋವಿದೆಯೇ?" ಎಂದು ಕೇಳಿದೆ. "ಇಲ್ಲ, ಓಡ್ಸಿ" ಅಂದಳು. ನಿನ್ನ ಸ್ಪ್ರಿಂಗನ್ನು ಮನಸ್ಸಿನಲ್ಲೇ ಹೊಗಳಿದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಆಮೇಲೆ ಡಾಕ್ಟರು ಒಂದು ಗುಂಡುಸೂಜಿ ತೆಗೆದುಕೊಂಡು ಅವಳ ಹೆಬ್ಬೆರಳಿನಿಂದ ಶುರುಮಾಡಿ ಚುಚ್ಚುತ್ತ ಮೇಲೆ ಬಂದರು. ನಾನು ಬಾಗಿಲ ಪರದೆಯ ಈಚೆ ಇದ್ದೆ.

"ಇಲ್ಲಿ ಗೊತ್ತಾಗುತ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ ಸಾಮಿ."

"ಮಂಡಿ? ತೊಡೆ? ಇಲ್ಲೂ ಇಲ್ವಾ? ಎಷ್ಟು ದಿನದಿಂದ?"

"ಕಾರು ಬಿದ್ದಾಗ್ನಿಂದ."

ಡಾಕ್ಟರು ಹೊರಗೆ ಬಂದು ನನ್ನನ್ನು ನೋಡಿದರು. "ಸೊಂಟದ ಕೆಳಗೆ ಮೊದಲ ದಿನದಿಂದಲೂ ಸ್ಪರ್ಶವಿಲ್ಲ. ಯಾಕೆ ಯಾರೂ ಹೇಳಲಿಲ್ಲ? ಇದಕ್ಕೆ ಪ್ಲಾಸ್ಟರಿನಿಂದ ಏನೂ ಆಗುವುದಿಲ್ಲ. ಆಗಲೇ ತಂದಿದ್ದರೂ ಕಷ್ಟವಿತ್ತು. ಮನೆಗೆ ಕರೆದುಕೊಂಡು ಹೋಗಿ, ಹುಣ್ಣಾಗದಂತೆ ಮಗ್ಗುಲು ತಿರುಗಿಸುತ್ತಿರಿ." ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರಿಗೆ ಗೊತ್ತಿತ್ತು. ದಿನಾ ಸ್ನಾನ ಮಾಡಿಸುವವರಿಗೆ ಗೊತ್ತಿರದೆ ಇರುತ್ತದೆಯೇ? ಹೇಳಬೇಡಿ ಎಂದು ಅವಳು ಆಣೆ ಹಾಕಿಸಿದ್ದಳಂತೆ.

ವಾಪಸು ಬರುವಾಗ ರಾಜಾನುಕುಂಟೆಯಲ್ಲಿ ನಿಲ್ಲಿಸಿ ಎಂದಳು. ನಿಲ್ಲಿಸಿದೆ. ನಡೆದ ಮಾತನ್ನು ಇದ್ದಂತೆ ಬರೆಯುತ್ತೇನೆ.

"ನವೆಂಬರಿನಲ್ಲಿ ಇಲ್ಲಿ ಯಾಕೆ ಕೂಗಿದೆ?" ಎಂದು ಕೇಳಿದೆ.

"ಆಸ್ಪತ್ರೆಗೆ ಹೋದ್ರೆ ಇದೇ ಹೇಳ್ತಾರೆ ಅಂತ ಗೊತ್ತಿತ್ತು. ಹೇಳಿಸ್ಕೊಳ್ಳೋಕೆ ಮನಸ್ಸಿರ್ಲಿಲ್ಲ. ಕಾರು ತಿರುಗಿಸ್ಲಿ ಅಂತ ಕೂಗ್ದೆ."

"ಆಮೇಲೆ? ದಿನಾ ಕುಟ್ಟುತ್ತೆ ಕುಟ್ಟುತ್ತೆ ಅಂದೆಯಲ್ಲ?"

"ಕುಟ್ಟುತ್ತೆ ಅಂದ್ರೆ ನೀವು ಗಾಡಿ ಕೆಳಗೆ ತೂರ್ಕೋತಿದ್ರಿ. ರಾತ್ರಿ ಅನ್ನ ಉಣ್ತಿದ್ರಿ. ಬೈಲನಿಗೆ ಕಾಗದ ಬರೀತಿದ್ರಿ, ಅವನೂ ಬರೀತಿದ್ದ. ನೋವಿಲ್ಲ, ಏನೂ ಇಲ್ಲ ಅಂದಿದ್ರೆ ನೀವಿಬ್ರೂ ಏನ್ ಮಾಡ್ತಿದ್ರಿ? ನನ್ನ ಮುಖ ನೋಡ್ಕೊಂಡು ಕೂತಿರ್ತಿದ್ರಾ?"

"ಕಾರು ನಿಲ್ಲಿಸಬೇಡಿ ಎಂದೆಯಲ್ಲ…"

"ಅಂದೆ. ನೀವೆಲ್ಲಿ ಕೇಳಿದ್ರಿ?"

ಆಗ ಬುಡನ್ ಸಾಬನ ತೊಟ್ಟಿಯ ವಿಷಯ ಹೇಳಿದೆ. ಅಲ್ಲೇ, ರಸ್ತೆಯ ಮೇಲೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. "ಅವತ್ತೇ ಹೇಳಿದ್ರೆ ಅವನು ಹೋಗ್ತಿರ್ಲಿಲ್ಲ" ಅಂದಳು. ನಾನು ಇಳಿದು ಹೋಗಿ ಬಾನೆಟ್ ಎತ್ತಿದೆ. ಏನೂ ಕೆಟ್ಟಿರಲಿಲ್ಲ. ತಾಯಿ ಒಳಗಿನಿಂದ, "ಮುಚ್ಚೋ, ಹೊತ್ತಾಯ್ತು" ಅಂದರು.

ಅವಳು ಬರೆಯಲು ಹೇಳಿದ್ದು ಇಷ್ಟು: "ಬೈಲನಿಗೆ ಬರೀರಿ, ನಾನು ಏಳಲ್ಲ ಅಂತ. ಸ್ಪ್ರಿಂಗಿನ ವಿಷ್ಯ ಬರೀಬೇಡಿ." ಅದನ್ನು ಆಗಲೇ ಬರೆದಾಗಿದೆ.

ಬಾ ಎಂದು ಬರೆಯಲು ನನಗೆ ಯಾವ ಮುಖವೂ ಇಲ್ಲ. ಆದ್ದರಿಂದ ಬರೆದಿಲ್ಲ.

ಆದಿನಾರಾಯಣಪ್ಪ

*

ಬೊಂಬಾಯಿ
ಭಾನುವಾರ, 28-9-1947

ಅಕ್ಕಾ,

ಇದು ಭಾವನಿಗಲ್ಲ, ನಿನಗೆ. ಭಾವ ಓದಿ ಹೇಳ್ತಾರೆ, ಆದ್ರೂ ನಿನಗೇನೆ.

ಕಾಗದ ಬಂದು ಹತ್ತು ದಿನ ಆಯ್ತು. ಗಂಗಣ್ಣ ಓದಿದ. ಕೇಳಿಸ್ಕೊಂಡು ಕೆಲಸಕ್ಕೆ ಹೋದೆ, ಅವತ್ತು ಎರಡು ಲಾರಿಗೆ ಸ್ಪ್ರಿಂಗು ಹಾಕ್ದೆ. ಬೋಲ್ಟು ಸರಿಯಾಗಿ ಬಿಗಿದೆ. ಅಳು ಬರುತ್ತೇನೋ ಅಂತ ಕಾದೆ, ಬರ್ಲಿಲ್ಲ. ಹತ್ತು ದಿನದಿಂದ ಕಾಯ್ತಿದೀನಿ.

ಸುಳ್ಳಿ ಕಣೇ ನೀನು. ಹದಿನೇಳು ತಿಂಗಳು ಸುಳ್ಳು ಹೇಳಿದೀಯ. ನಾನು ಇಲ್ಲಿ ಒಂದೊಂದು ಪಟ್ಟಿನೂ ಎದೆಗೊತ್ತಿ ನೋಡಿ, ಇದು ಅಕ್ಕನಿಗೆ ನೋಯುತ್ತಾ ಇಲ್ವಾ ಅಂತ ಆರಿಸ್ತಿದ್ದೆ. ನೀನು ಅಲ್ಲಿ ಆಟ ಆಡ್ತಿದ್ದೆ. ಬೈಗುಳ ಬಂತು ನೋಡು ಅಂತ ಗಂಗಣ್ಣ ಖುಷಿಯಾಗಿದಾನೆ.

ನೀನು ಎದ್ದು ನಡೆದ ದಿನ ಬರ್ತೀನಿ ಅಂದಿದ್ದೆ. ಆ ಮಾತನ್ನ ಈಗ ಏನು ಮಾಡ್ಲಿ ಅಂತ ಕೇಳ್ದೆ. "ಯಾರಿಗೆ ಕೊಟ್ಟಿದ್ದೋ ಆ ಮಾತು?" ಅಂದ ಗಂಗಣ್ಣ. ನನಗೇ ಅಂದೆ. "ಹಂಗಾದ್ರೆ ವಾಪಸ್ ಇಸ್ಕೋ. ಅದಕ್ಕೇನು ಕೋರ್ಟಿಗೆ ಹೋಗ್ಬೇಕಾ?" ಅಂದ. ಅದು ಸರಿ ಅನ್ನಿಸ್ತು.

ಭಾವನ ಮೇಲೆ ಸಿಟ್ಟಿದೆಯಾ ಅಂತ ನೀನು ಕೇಳ್ತೀಯ. ಗೊತ್ತಿಲ್ಲ. ಮುಖ ನೋಡಿದ ಮೇಲೆ ಗೊತ್ತಾಗುತ್ತೆ. ಕಾರಿಗೆ ಗಟ್ಟಿ ಸ್ಪ್ರಿಂಗು ವಾಪಸ್ ಹಾಕಿ ಎಂಟು ಜನ ಕೂರ್ಸೋದೋ, ಹಿಂಗೇ ಬಿಡೋದೋ, ಅದೂ ಬಂದ ಮೇಲೆ ನೋಡೋಣ.

ಮೇಸ್ತ್ರಿಗೆ ಹೇಳಿದೀನಿ. ಬುಧವಾರ ರೈಲು. ಗುಂತಕಲ್ಲಲ್ಲಿ ಬದಲಾಯಿಸಿ ಶುಕ್ರವಾರ ಬರ್ತೀನಿ, ಎಷ್ಟು ಹೊತ್ತಿಗೋ ಗೊತ್ತಿಲ್ಲ. ಯಾರೂ ಸ್ಟೇಷನ್ನಿಗೆ ಬರೋದು ಬೇಡ.

ಒಂದೇ ಯೋಚನೆ. ಬಂದ ತಕ್ಷಣ ನಾನು ನಿನ್ನ ಕಾಲು ಮುಟ್ತೀನಿ, ಅದು ನಿನಗೆ ಗೊತ್ತಾಗಲ್ಲ. ಮುಟ್ಟಿದೀನಿ ಅಂತ ಬಾಯಲ್ಲಿ ಹೇಳ್ತೀನಿ. ನಂಬು.

ಬೈಲ